ಮೇಲಿನ ಮಹಡಿಯಲ್ಲಿ ಗ್ಯಾಸ್ ಗೀಸರ್ ಹೊತ್ತಿಕೊಳ್ಳದಿದ್ದಾಗ

ಕೆಳಮನೆಯಲ್ಲಿ ನಲ್ಲಿ ತಿರುಗಿಸಿದ ಕೂಡಲೇ ಹೊತ್ತಿಕೊಳ್ಳುವ ಗ್ಯಾಸ್ ಗೀಸರ್. ಅದೇ ಮಾದರಿಯದು ಮೇಲಿನ ಮಹಡಿಯಲ್ಲಿ ಕಿಡಿಯನ್ನೂ ಹಾರಿಸುತ್ತಿರಲಿಲ್ಲ.

ಬ್ಯಾಟರಿ ಬದಲಿಸಿದೆ, ಒಳಹರಿವಿನ ಜಾಲರಿ ತೊಳೆದೆ, ಅರ್ಧ ಇಂಚಿನ ಪೈಪ್ ತೆಗೆಸಿ ಮುಕ್ಕಾಲು ಇಂಚಿನದು ಹಾಕಿಸಿದೆ. ಪ್ಲಂಬರ್ ಮಾತು ಕೇಳಿ 500 ಲೀಟರ್ ಟ್ಯಾಂಕಿನ ಜಾಗದಲ್ಲಿ 1000 ಲೀಟರಿನದು ಇಡಿಸಿದ್ದಂತೂ ಶುದ್ಧ ದಂಡ. ನಿಂತ ನೀರಿನ ಒತ್ತಡಕ್ಕೆ ಲೀಟರ್ ಲೆಕ್ಕವಿಲ್ಲ. ನೀರಿನ ಮಟ್ಟ ಎಷ್ಟು ಮೇಲಿದೆ ಎಂಬುದೊಂದೇ ಲೆಕ್ಕ. ಪ್ರತಿ ಮೀಟರಿಗೆ 9.8 ಕಿಲೋಪಾಸ್ಕಲ್, ಅಂದರೆ ಸುಮಾರು 0.1 ಬಾರ್.

ಗೀಸರಿನ ಬದಿಯ ಚೀಟಿಯಲ್ಲಿ ಕನಿಷ್ಠ ಒತ್ತಡ 0.25 ಬಾರ್ ಎಂದಿತ್ತು. ಟೇಪು ಹಿಡಿದೆ: ಟ್ಯಾಂಕಿನ ತಳದಿಂದ ಗೀಸರಿನ ಒಳಹರಿವಿಗೆ ನೇರ ಎತ್ತರ 1.3 ಮೀಟರ್. ಬರೀ 0.13 ಬಾರ್! ತುಂಬಿದ ಟ್ಯಾಂಕಿನ ಮೇಲ್ಮಟ್ಟದಿಂದ ಅಳೆಯಬೇಡಿ, ನೀರು ಇಳಿದಾಗ ಲೆಕ್ಕ ತಪ್ಪುತ್ತದೆ. ಅಡ್ಡ ಹೋಗುವ ಪೈಪಿನ ಉದ್ದವನ್ನೂ ಸೇರಿಸಬೇಡಿ. ಅದು ಘರ್ಷಣೆಯಿಂದ ಒತ್ತಡವನ್ನು ತಿನ್ನುತ್ತದೆಯೇ ಹೊರತು ಕೊಡುವುದಿಲ್ಲ.

ಟ್ಯಾಂಕ್ ಖಾಲಿ ಮಾಡಿ 1.5 ಮೀಟರಿನ ಕಬ್ಬಿಣದ ಸ್ಟ್ಯಾಂಡ್ ಮೇಲೆ, ಕಂಬಗಳ ನೇರಕ್ಕೆ ಕೂರಿಸಿದೆವು. ತುಂಬಿದರೆ ಒಂದು ಟನ್ ಭಾರ, ತಾರಸಿಯ ನಡುವೆ ಇಡುವಂತಿಲ್ಲ. ಈಗ ಎತ್ತರ 2.8 ಮೀಟರ್, ಒತ್ತಡ 0.27 ಬಾರ್. ಮೊದಲು ಬಿಸಿನೀರಿನ ನಲ್ಲಿ ತೆರೆದು ಗಾಳಿ ಹೋಗಲು ಬಿಟ್ಟೆ, ಆಮೇಲೆ ಒಳಹರಿವಿನ ವಾಲ್ವ್ ಪೂರ್ತಿ ತೆರೆದೆ, ಕೊನೆಗೆ ಗ್ಯಾಸ್. ಟ್ಯಾಂಕಿನಲ್ಲಿ ಒಂದಡಿ ನೀರು ಉಳಿದಿದ್ದಾಗಲೂ ಹೊತ್ತಿಕೊಂಡಿತು.