ತೊಗಲು ಹೊದ್ದ ದೋಣಿ: ಗ್ರೀನ್‌ಲ್ಯಾಂಡ್ ಕಯಾಕ್ ಕಟ್ಟುವ ಬಗೆ

ಸೈಬೀರಿಯಾದ ನದಿಗಳು ಕಡಲಿಗೆ ತಳ್ಳಿದ ದಿಮ್ಮಿಗಳು ಹಿಮದೊಂದಿಗೆ ತೇಲಿ ಬಂದು ದಡ ಸೇರಿದಾಗ, ಗ್ರೀನ್‌ಲ್ಯಾಂಡಿನ ಇನ್ಯೂಟ್ ಬೇಟೆಗಾರರು ಅವನ್ನು ಸೀಳಿ ಕಯಾಕಿನ, ಅಂದರೆ ಕೂರುವ ಬಾಯಿಯೊಂದನ್ನು ಬಿಟ್ಟು ಮೇಲೂ ಮುಚ್ಚಿದ ಒಬ್ಬರ ಕಿರುದೋಣಿಯ, ಹಂದರ ಕಟ್ಟಿ, ಅದರ ಮೇಲೆ ಸೀಲ್ ಪ್ರಾಣಿಯ ತೊಗಲು ಹೊದಿಸುತ್ತಿದ್ದರು. ಹಂದರಕ್ಕೆ ತೊಗಲು ಹೊದಿಸುವ ಈ ಉಪಾಯ ನಮಗೂ ಹೊಸದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಆನೆಗೊಂದಿಯ ಬಳಿ ಜನರು ತೊಗಲು ಹೊದಿಸಿದ ಬುಟ್ಟಿಯಂಥ ಹರಿಗೋಲುಗಳಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ.

ಕಯಾಕಿನ ಅಳತೆಯನ್ನು ಅದರಲ್ಲಿ ಕೂರುವವರ ಮೈಯಿಂದಲೇ ತೆಗೆಯಬೇಕು. ಉದ್ದ ಅವರ ಮೂರು ಮಾರು. ಕೂರುವಲ್ಲಿ ಅಗಲ ಸೊಂಟದಷ್ಟು ಮತ್ತು ಎರಡು ಮುಷ್ಟಿ. ಆಳ ಹೆಬ್ಬೆರಳು ಮೇಲೆತ್ತಿದ ಒಂದು ಮುಷ್ಟಿ. ಹೀಗೆ ಕಟ್ಟಿದ ದೋಣಿ ಸಾಮಾನ್ಯವಾಗಿ 5 ಮೀಟರಿಗಿಂತ ತುಸು ಹೆಚ್ಚು ಉದ್ದವಿರುತ್ತದೆ.

ಮೊದಲು ಎರಡು ಮೇಲಂಚಿನ ಪಟ್ಟಿಗಳು. ಗಂಟಿಲ್ಲದ ಪೈನ್ ಅಥವಾ ಸ್ಪ್ರೂಸ್ ಹಲಗೆ ಒಂದನ್ನೇ ಸೀಳಿ ಎರಡನ್ನೂ ತೆಗೆದರೆ ಅವು ಒಂದೇ ರೀತಿ ಬಾಗುತ್ತವೆ. ತುದಿಗಳನ್ನು ಜೋಡಿಸಿ ಕಟ್ಟಿ, ನಡುವೆ ಹಿಗ್ಗಿಸಿ, ಅಡ್ಡಪಟ್ಟಿಗಳನ್ನು ಉಳಿಯಲ್ಲಿ ಕೊರೆದ ಕಂಡಿಗಳಿಗೆ ಕೂರಿಸಿ ಮರದ ಗೂಟದಿಂದ ಭದ್ರಪಡಿಸಬೇಕು. ತೊಡೆಯ ಮೇಲೆ ಬರುವ ಅಡ್ಡಪಟ್ಟಿ ಮಾತ್ರ ಕಮಾನಿನಂತೆ ಬಾಗಿರಬೇಕು. ತೊಡೆಯನ್ನು ಅದಕ್ಕೆ ಒತ್ತಿಯೇ ದೋಣಿಯನ್ನು ಹತೋಟಿಯಲ್ಲಿಡುವುದು.

ಪಕ್ಕೆಲುಬುಗಳನ್ನು ಬಗ್ಗಿಸುವುದು ಇಡೀ ಕೆಲಸದಲ್ಲೇ ಸೂಕ್ಷ್ಮವಾದದ್ದು, ಅತ್ಯಂತ ಸೊಗಸಾದದ್ದೂ ಹೌದು. ಓಕ್ ಅಥವಾ ಆ್ಯಶ್ ಮರದ ತೆಳು ಪಟ್ಟಿಗಳನ್ನು ಎಳೆಯ ಜಾಡು ಹಿಡಿದೇ ಸೀಳಿ ನೀರಿನಲ್ಲಿ ನೆನೆಹಾಕಿ, ಕೆಲವು ನಿಮಿಷ ಹಬೆಯಲ್ಲಿಡಬೇಕು. ಹೊರತೆಗೆದ ಪಟ್ಟಿ ಕೆಲವೇ ಕ್ಷಣ ಮೆತ್ತಗಿರುತ್ತದೆ. ಅಷ್ಟರಲ್ಲಿ ದಪ್ಪ ಕೈಗವಸು ತೊಟ್ಟ ಕೈಗಳಿಂದ ಎರಡೂ ಬದಿಯ ತಿರುವುಗಳನ್ನು ಸಮನಾಗಿ ಬಗ್ಗಿಸಿ, ತುದಿಗಳನ್ನು ಮೇಲಂಚಿನ ಕಂಡಿಗಳಿಗೆ ತೂರಿಸಬೇಕು. ತಿರುವಿನ ಹೊರಮೈಯಲ್ಲಿ ಎಳೆ ಸಿಬಿರೆದ್ದರೆ ಆ ಪಟ್ಟಿಯನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳುವುದೇ ಸರಿ. ಎಲ್ಲವೂ ಕೂತ ಮೇಲೆ ದೋಣಿಯ ತುದಿಯಿಂದ ಕಣ್ಣು ಹಾಯಿಸಿ, ತಳದ ಗೆರೆ ಎಲ್ಲೂ ಉಬ್ಬುತಗ್ಗಿಲ್ಲದೆ ಹರಿದಿದೆಯೇ ಎಂದು ನೋಡಬೇಕು.

ಅನಂತರ ತಳದ ನಡುಪಟ್ಟಿಯನ್ನೂ ಅದರ ಇಕ್ಕೆಲದ ಉದ್ದಪಟ್ಟಿಗಳನ್ನೂ ಪ್ರತಿಯೊಂದು ಪಕ್ಕೆಲುಬಿಗೆ ದಾರದಿಂದ ಬಿಗಿಯಬೇಕು. ಇಲ್ಲಿ ಮೊಳೆ ಬಳಸಬಾರದು. ಉಪ್ಪುನೀರಿಗೆ ಮೊಳೆ ತುಕ್ಕು ಹಿಡಿಯುತ್ತದೆ, ಮರವನ್ನು ಸೀಳುತ್ತದೆ. ದಾರದ ಕಟ್ಟಾದರೋ ಅಲೆಯ ಹೊಡೆತಕ್ಕೆ ತುಸು ಮಣಿದು ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ.

ಹಿಂದೆ ತೊಗಲು ಹೊಲಿಯುತ್ತಿದ್ದವರು ಹೆಂಗಸರು. ಸೂಜಿ ತೊಗಲಿನ ದಪ್ಪವನ್ನು ಪೂರ್ತಿ ತೂರದಂತೆ ಅವರು ಹಾಕುತ್ತಿದ್ದ ಹೊಲಿಗೆಯಲ್ಲಿ ನೀರು ಒಳಗಿಳಿಯುತ್ತಿರಲಿಲ್ಲ. ಆ ಕೌಶಲವಿಲ್ಲದೆ ಬೇಟೆಗಾರನ ಮರಗೆಲಸ ಎಷ್ಟು ಚೆನ್ನಾಗಿದ್ದರೂ ದೋಣಿ ಆಗುತ್ತಿರಲಿಲ್ಲ. ಈಗ ಕ್ಯಾನ್ವಾಸ್ ಅಥವಾ ನೈಲಾನ್ ಬಟ್ಟೆಯನ್ನು ಹಂದರಕ್ಕೆ ಹೊದಿಸಿ, ಮೇಲ್ಭಾಗದ ನಡುಗೆರೆಯಲ್ಲಿ ಅಂಕುಡೊಂಕಾಗಿ ದಾರ ಎಳೆದು ಬಿಗಿಗೊಳಿಸಿ, ಬಳಿಕ ಅಂಚು ಮಡಚಿ ಹೊಲಿಯುತ್ತಾರೆ. ಕೂರುವ ಬಾಯಿಯ ಮರದ ಬಳೆಯನ್ನು ಹಂದರಕ್ಕೆ ಕಟ್ಟದೆ ಬಟ್ಟೆಗೇ ಹೊಲಿಯಬೇಕು. ಕೊನೆಗೆ ಕ್ಯಾನ್ವಾಸಿಗೆ ಎಣ್ಣೆಬಣ್ಣ, ನೈಲಾನಿಗಾದರೆ ಪಾಲಿಯುರೆಥೇನ್ ಲೇಪವನ್ನು ಹಲವು ಬಾರಿ ಬಳಿಯಬೇಕು.

ಈ ದೋಣಿಯೊಳಗೆ ಅಡ್ಡಗೋಡೆಗಳಿಲ್ಲದ ಕಾರಣ ಮಗುಚಿದರೆ ಒಡಲೆಲ್ಲ ನೀರು ತುಂಬುತ್ತದೆ. ಆದ್ದರಿಂದ ಎರಡೂ ತುದಿಗಳಲ್ಲಿ ಗಾಳಿಚೀಲಗಳನ್ನು ಕಟ್ಟಿ, ಜೀವರಕ್ಷಕ ಜಾಕೆಟ್ ತೊಟ್ಟು, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ದಡದ ಹತ್ತಿರದ ನಿಂತ ನೀರಿನಲ್ಲೇ ಮೊದಲು ಇಳಿಯಬೇಕು.