ಮಂಗಳೂರು ಸುತ್ಲಿಕ್ಕೆ ಆಟೋ ಬೇಡ, ಸ್ಟೇಟ್‌ಬ್ಯಾಂಕ್ ಗೊತ್ತಿದ್ರೆ ಸಾಕು

ಹೋದ ಡಿಸೆಂಬರಲ್ಲಿ ಬೆಂಗಳೂರಿಂದ ಬಂದ ನಮ್ಮ ನಾಲ್ಕು ನೆಂಟರು ಎರಡೇ ದಿನದಲ್ಲಿ ಆಟೋಗೆ ಕೊಟ್ಟದ್ದು ಅವರ ರೈಲು ಟಿಕೆಟ್‌ಗಿಂತ ಜಾಸ್ತಿ. ನೋಡಿ ಹೊಟ್ಟೆ ಉರೀತು ಮಾರಾಯ್ರೆ, ಅದಕ್ಕೇ ಬರೀತಾ ಇದ್ದೇನೆ.

ಮೊದಲು ರೈಲು ಟಿಕೆಟ್. ಅದರಲ್ಲಿ ಸ್ಟೇಷನ್ ಕೋಡ್ ಎಂಎಕ್ಯೂ ಅಂತ ಇದ್ರೆ ಮಂಗಳೂರು ಸೆಂಟ್ರಲ್, ಅಲ್ಲಿಂದ ಪೇಟೆ ನಡುವಿನ ಹಂಪನಕಟ್ಟೆಗೆ ನಡ್ಕೊಂಡೇ ಹೋಗ್ಬಹುದು. ಎಂಎಜೆಎನ್ ಅಂದ್ರೆ ಜಂಕ್ಷನ್, ಅದು ಪಡೀಲ್ ಹತ್ರ, ಪೇಟೆಯಿಂದ ದೂರ. ಹಗಲು ರೈಲಲ್ಲಿ ಸಕಲೇಶಪುರ ದಾಟಿದ ಮೇಲೆ ಘಾಟಿಯ 57 ಸುರಂಗ ಸಿಗ್ತದೆ, ಅದಕ್ಕೆ ವಿಸ್ಟಾಡೋಮ್ (ದೊಡ್ಡ ಗಾಜಿನ ಎಸಿ ಬೋಗಿ) ದುಡ್ಡು ದಂಡ, ಸೆಕೆಂಡ್ ಸೀಟಿಂಗ್‌ನ ಕಿಟಕಿಯೇ ಚಂದ, ಗಾಳಿಯಾದ್ರೂ ಬರ್ತದೆ.

ರೂಮ್ ಹಂಪನಕಟ್ಟೆ ಆಸುಪಾಸಲ್ಲೇ ಮಾಡಿ.

ಈಗ ಎಲ್ಲರೂ ಎಡವುವ ಜಾಗ, ಬಸ್. ಕೆಎಸ್ಆರ್‌ಟಿಸಿ ಸ್ಟ್ಯಾಂಡ್ ಇರುವುದು ಬಿಜೈಯಲ್ಲಿ, ಅಲ್ಲಿ ನಿಂತು ಸಿಟಿ ಬಸ್ ಕಾಯ್ಬೇಡಿ. ಸಿಟಿ ಬಸ್‌ಗಳು ಹೆಚ್ಚಾಗಿ ಪ್ರೈವೇಟ್, ಹೊರಡುವುದು ಸ್ಟೇಟ್‌ಬ್ಯಾಂಕ್‌ನಿಂದ, ಇಲ್ಲಿ ಅದು ಬ್ಯಾಂಕಲ್ಲ ಬಸ್‌ಸ್ಟ್ಯಾಂಡಿನ ಹೆಸರು, ವಾಪಸ್ ಬರುವಾಗಲೂ ಬೋರ್ಡಲ್ಲಿ ಅದೇ ನೋಡಿ. ನಂಬರ್ ಬಾಯಿಪಾಠ ಮಾಡುವುದಕ್ಕಿಂತ ಕಂಡಕ್ಟರ್ ಹತ್ರ ಊರಿನ ಹೆಸರು ಹೇಳುವುದೇ ಸುಲಭ. ಪಣಂಬೂರು ಬೀಚಿಗೆ ಸುರತ್ಕಲ್ ಕಡೆಯ ಸಿಟಿ ಬಸ್ ಹತ್ತಿ, ಉಡುಪಿ ಎಕ್ಸ್‌ಪ್ರೆಸ್ ಬೇಡ, ಅದು ಎಲ್ಲ ಸ್ಟಾಪಲ್ಲಿ ನಿಲ್ಲುದಿಲ್ಲ. ಕೂಳೂರು ಸೇತುವೆ ದಾಟಿದ ಕೂಡ್ಲೇ ಎದ್ದು ಬಾಗಿಲ ಹತ್ರ ಬನ್ನಿ, ಕೂತಲ್ಲೇ ಕೂತ್ರೆ ಸ್ಟಾಪ್ ದಾಟಿ ಹೋಗ್ತದೆ, ಇಲ್ಲಿಯ ಬಸ್ಸಿಗೆ ಭಾರೀ ಅರ್ಜೆಂಟ್. ಇಳಿದ ಮೇಲೆ ಬೀಚಿಗೆ ಸ್ವಲ್ಪ ನಡೀಬೇಕು. ಚಿಲ್ಲರೆ ಕೈಯಲ್ಲೇ ಇರಲಿ. ಸೂರ್ಯ ಮುಳುಗಿದ ಮೇಲೆ ತುಂಬಾ ಹೊತ್ತು ಕೂರ್ಬೇಡಿ, ರಾತ್ರಿ ಬಸ್ ಕಮ್ಮಿ ಆಗ್ತದೆ. ಸೋಮೇಶ್ವರ ಬೀಚಿಗೆ ಹೋದ್ರೆ ಬಂಡೆ ಮೇಲಿಂದ ನೋಡಿ ಸಾಕು, ನೀರಿಗೆ ಇಳೀಲೇಬೇಡಿ.

ಲೈಟ್‌ಹೌಸ್ ಹಿಲ್‌ನ ಅಲೋಶಿಯಸ್ ಚಾಪೆಲ್‌ಗೆ ನಡ್ಕೊಂಡೇ ಹೋಗಿ. ಈ ಸಣ್ಣ ಚರ್ಚಿನ ಗೋಡೆ, ಛಾವಣಿಗೆಲ್ಲ ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೆನಿ 1899ರ ಆಸುಪಾಸಲ್ಲಿ ಚಿತ್ರ ಬರೆದದ್ದು, ಅರ್ಧ ಗಂಟೆ ಕತ್ತೆತ್ತಿ ನೋಡಿದ್ರೂ ಮುಗಿಯುದಿಲ್ಲ.

ಊಟಕ್ಕೆ ಕುಚ್ಚಲಕ್ಕಿ ಅನ್ನದ ಮೀನಿನ ಊಟ. ಊಟದ ರೇಟ್ ಕಮ್ಮಿಯೇ, ಬಿಲ್ ಏರುವುದು ಫ್ರೈಯಿಂದ. ಅಂಜಲ್, ಮಾಂಜಿ ಮೀನಿಗೆ ಆ ದಿನದ ರೇಟ್, ಕೇಳದೆ ಆರ್ಡರ್ ಮಾಡ್ಬೇಡಿ. ಬಂಗುಡೆ, ಬೂತಾಯಿ ತಿನ್ನಿ, ರುಚಿ ಇರುವುದೇ ಅದರಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗೆ ರಜೆ, ಆಗ ತಾಜಾ ಮೀನು ಕಮ್ಮಿ, ರೇಟ್ ಜಾಸ್ತಿ, ಆ ಎರಡು ತಿಂಗಳು ಬಂದವರು ನೀರ್‌ದೋಸೆ, ಬನ್ಸ್, ಗೋಳಿಬಜೆಯಲ್ಲೇ ಹೊಟ್ಟೆ ತುಂಬಿಸಿಕೊಳ್ಳಿ.