ಎಸ್‌ವಿಎನ್‌ನಿಂದ ಗಿಟ್‌ಗೆ: ಟ್ಯಾಗ್‌ಗಳ ತಲೆನೋವು

ತುಮಕೂರಿನ ನಮ್ಮ ಪುಟ್ಟ ಆಫೀಸಿನಲ್ಲಿ ಡೆಬಿಯನ್ (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಪ್ಯಾಕೇಜ್‌ಗಳೆಲ್ಲ ಹಳೇ ಸಬ್‌ವರ್ಷನ್ (ಎಸ್‌ವಿಎನ್) ರೆಪಾಸಿಟರಿಯಲ್ಲೇ, ಅಂದರೆ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಉಗ್ರಾಣದಲ್ಲೇ, ಇದ್ದವು. ಒಂದೊಂದು ಪ್ಯಾಕೇಜನ್ನೂ ಇದೇ ಕೆಲಸ ಮಾಡುವ ಗಿಟ್‌ನಲ್ಲಿ ಬೇರೆ ಬೇರೆ ರೆಪಾಸಿಟರಿ ಮಾಡಬೇಕಿತ್ತು.

ಸರ್ವರ್‌ನಿಂದ ನೇರವಾಗಿ ಎಳೆದರೆ ತುಂಬಾ ನಿಧಾನ. ಅದಕ್ಕೆ ಮೊದಲು ಇಡೀ ರೆಪಾಸಿಟರಿಯನ್ನು ನನ್ನ ಕಂಪ್ಯೂಟರಿಗೇ ಕಾಪಿ ಮಾಡಿಕೊಂಡು, ಅದರ ಮೇಲೆ ಗಿಟ್-ಎಸ್‌ವಿಎನ್ (ಎಸ್‌ವಿಎನ್ ಇತಿಹಾಸವನ್ನು ಗಿಟ್‌ಗೆ ತರುವ ಸಾಧನ) ಬಳಸಿ 'ಗಿಟ್ ಎಸ್‌ವಿಎನ್ ಕ್ಲೋನ್' ಕಮಾಂಡ್ ಓಡಿಸಿದೆ. ನಡುವೆ ಕರೆಂಟ್ ಹೋಯಿತು. ಹೋಗದೆ ಇರುತ್ತಾ? ಆದರೆ 'ಗಿಟ್ ಎಸ್‌ವಿಎನ್ ಫೆಚ್' ಕೊಟ್ಟರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಎಸ್‌ವಿಎನ್‌ನಲ್ಲಿ ಬರೀ ಯೂಸರ್‌ನೇಮ್ ಇರುತ್ತದೆ, ಗಿಟ್‌ಗೆ ಹೆಸರು, ಇಮೇಲ್ ಎರಡೂ ಬೇಕು. ಆ ಪಟ್ಟಿಯನ್ನು ಆಥರ್ಸ್ ಫೈಲ್‌ನಲ್ಲಿ ಬರೆದುಕೊಟ್ಟೆ. ಒಬ್ಬರ ಹೆಸರು ಬಿಟ್ಟರೂ ಅಲ್ಲೇ ನಿಂತುಬಿಡುತ್ತದೆ.

ನಿಜವಾದ ತಲೆನೋವು ಟ್ಯಾಗ್‌ಗಳದ್ದು, ಅಂದರೆ ಒಂದೊಂದು ವರ್ಷನ್‌ಗೂ ಹಾಕುವ ಗುರುತಿನ ಹೆಸರುಗಳದ್ದು. ಎಸ್‌ವಿಎನ್‌ನಲ್ಲಿ ಟ್ಯಾಗ್ ಅಂದರೆ ಸುಮ್ನೆ ಒಂದು ಫೋಲ್ಡರ್ ಕಾಪಿ, ಅಲ್ವಾ? ಹಾಗಾಗಿ ಗಿಟ್‌ನಲ್ಲಿ ಅವು ರಿಮೋಟ್ ಬ್ರಾಂಚ್‌ಗಳಾಗಿ (ಬೇರೆ ಕಡೆಯಿಂದ ತಂದ ಕೋಡಿನ ಕವಲುಗಳಾಗಿ) ಬಂದವು. ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು ಅವನ್ನೆಲ್ಲ ನಿಜವಾದ ಟ್ಯಾಗ್ ಮಾಡಿದೆ. ಇನ್ನೊಂದು ಕಿರಿಕಿರಿ: ಡೆಬಿಯನ್ ವರ್ಷನ್‌ಗಳಲ್ಲಿ ಟಿಲ್ಡೆ (~) ಜಾಸ್ತಿ. ಗಿಟ್‌ನ ಟ್ಯಾಗ್, ಬ್ರಾಂಚ್ ಹೆಸರುಗಳಲ್ಲಿ ಅದಕ್ಕೆ ಜಾಗವಿಲ್ಲ. ಗಿಟ್-ಎಸ್‌ವಿಎನ್ ಅದನ್ನು %7E ಅಂತ ವಿಕಾರವಾಗಿ ಬದಲಿಸಿತ್ತು. ಡೆಬಿಯನ್ ರೂಢಿಯಂತೆ ಅಲ್ಲೆಲ್ಲ ಅಂಡರ್‌ಸ್ಕೋರ್ ಹಾಕಿದೆ.

ಖಾಲಿ ಫೋಲ್ಡರ್‌ಗಳು ಮಾಯವಾದವು. ಗಿಟ್ ಅವನ್ನು ಇಟ್ಟುಕೊಳ್ಳುವುದಿಲ್ಲ. ನಮಗೂ ಬೇಕಿರಲಿಲ್ಲ.

ಕೊನೆಗೆ ಹಳೇ ರೆಪಾಸಿಟರಿಗೆ ಯಾರೂ ಕಮಿಟ್ ಮಾಡದಂತೆ (ಬದಲಾವಣೆ ಸೇರಿಸದಂತೆ) ತಡೆಯುವ ಪ್ರೀ-ಕಮಿಟ್ ಹುಕ್ ಎಂಬ ಸ್ಕ್ರಿಪ್ಟ್ ಹಾಕಿದೆ. ಹೊಸ ವಿಳಾಸವನ್ನು ಅದರ ಎರರ್ ಮೆಸೇಜಿನಲ್ಲೇ ಬರೆದಿದ್ದೇನೆ.